ಈಟಿ ಮತ್ತು ಮಣಿಯ ಕಥೆಯನ್ನು ಇತಿಹಾಸ ಅಂತ ನಂಬಬಹುದಾ?

ಮಳೆಹನಿ:
ಉಗಾಂಡಾದ ಲುವೊ ಜನರ ಒಂದು ಕಥೆ ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ. ಗಿಪಿರ್, ಲಬೊಂಗೊ ಅಂತ ಅಣ್ಣತಮ್ಮಂದಿರು. ಗಿಪಿರ್ ಅವಸರದಲ್ಲಿ ಲಬೊಂಗೊನ ಈಟಿಯನ್ನು ಆನೆಗೆ ಎಸೆದ. ಆನೆ ಈಟಿ ಸಮೇತ ಓಡಿಹೋಯಿತು. ನನಗೆ ಅದೇ ಈಟಿ ಬೇಕು ಅಂತ ಲಬೊಂಗೊ ಹಟ ಹಿಡಿದ, ಪಾಪ ಗಿಪಿರ್ ಕಾಡೆಲ್ಲ ಅಲೆದು ತಂದುಕೊಟ್ಟ. ಮುಂದೊಂದು ದಿನ ಲಬೊಂಗೊನ ಮಗು ಗಿಪಿರ್‌ನ ಮಣಿ ನುಂಗಿತು. ಈಗ ಗಿಪಿರ್‌ನ ಸರದಿ, ಅದೇ ಮಣಿ ಬೇಕು ಅಂದ. ಮಗುವಿನ ಹೊಟ್ಟೆ ಸೀಳಿ ತೆಗೆದರು. ಆಮೇಲೆ ನೈಲ್ ದಡದ ಪುಬುಂಗುವಿನಲ್ಲಿ ಕೊಡಲಿ ಹೂತು ಇಬ್ಬರೂ ಬೇರೆಯಾದರು. ನದಿ ದಾಟಿ ಪಶ್ಚಿಮಕ್ಕೆ ಹೋದ ಗಿಪಿರ್‌ನ ಕಡೆಯವರು ಅಲುರ್, ಈಚೆ ಉಳಿದವರು ಅಚೋಲಿ. ಇದರಿಂದ ಒಂದು ಜನ ಎಲ್ಲಿಂದ ಬಂದರು ಅಂತ ತಿಳಿಯಬಹುದಾ, ಇಲ್ಲ ಸುಮ್ನೆ ಕಥೆಯಾ?

ನುಡಿಜಾಡು:
ಕಥೆಯೊಂದನ್ನೇ ಹಿಡಿದರೆ ಕಷ್ಟ. ಇದೇ ಕಥೆ ದಕ್ಷಿಣ ಸುಡಾನಿನ ಡಿಂಕಾ, ಅನುವಾಕ್ ಜನರಲ್ಲೂ ಇದೆ, ಹೆಸರು ಬೇರೆ ಅಷ್ಟೇ. ಹಾಗಾಗಿ ಪುಬುಂಗುವಿನಲ್ಲಿ ಹೀಗೇ ನಡೆಯಿತು ಅನ್ನಲಾಗದು.

ಆದರೆ ಭಾಷೆ ನೋಡಿ. ಅಚೋಲಿಯಲ್ಲಿ ಒಂದರಿಂದ ಐದು: ಅಚೆಲ್, ಅರ್ಯೊ, ಅದೆಕ್, ಅಂಗ್ವೆನ್, ಅಬಿಚ್. ದೂರದ ಕೀನ್ಯಾದಲ್ಲಿ ಲುವೊ ಅಂತಲೇ ಕರೆಸಿಕೊಳ್ಳುವ ಜನರ ಭಾಷೆಯಲ್ಲಿ: ಅಚಿಯೆಲ್, ಅರಿಯೊ, ಅದೆಕ್, ಅಂಗ್ವೆನ್, ಅಬಿಚ್. ಅಲ್ಲಿ ಪಕ್ಕದ ಲುಹ್ಯಾ, ಗುಸಿ ಜನರದ್ದು ಬಂಟು ಎಂಬ ಬೇರೆಯೇ ಕುಟುಂಬದ ಭಾಷೆಗಳು, ಇದಕ್ಕೂ ಅದಕ್ಕೂ ನಂಟೇ ಇಲ್ಲ. ಲುವೊಗೆ ನೆಂಟರು ಬೇಕೆಂದರೆ ಅಚೋಲಿ, ಶಿಲ್ಲುಕ್, ಅನುವಾಕ್ ಅಂತ ಉತ್ತರಕ್ಕೇ ಹೋಗಬೇಕು. ಉತ್ತರದಿಂದ ಬಂದೆವು ಅಂತ ಲುವೊ ಹಿರಿಯರು ಹೇಳುವುದೂ ಅದನ್ನೇ ಅಲ್ವಾ?

ಮಳೆಹನಿ:
ಹಾಗಾದರೆ ಭಾಷೆಯೇ ಸಾಕಲ್ಲ, ಹಿರಿಯರನ್ನು ಕೇಳುವುದೇಕೆ?

ಕಡಲತಡಿ:
ಸಾಲದು! ವಿಕ್ಟೋರಿಯಾ ಸರೋವರದ ರುಸಿಂಗಾ ದ್ವೀಪದ ಸುಬಾ ಜನರನ್ನು ನೋಡಿ. ಇವತ್ತು ಅವರು ಆಡುವುದು ಲುವೊ. ಮಾತು ಕೇಳಿ ಅಳೆದರೆ ಇವರೂ ಉತ್ತರದವರೇ ಅಂದುಬಿಡುತ್ತೇವೆ. ಅವರ ಹಿರಿಯರು ಹೇಳುವುದೇ ಬೇರೆ, ನಮ್ಮವರು ಸರೋವರದಾಚೆ ಉಗಾಂಡಾದಲ್ಲಿರುವ ಬುಗಾಂಡಾ ರಾಜ್ಯದ ಕಡೆಯಿಂದ ಬಂದವರು ಅಂತ. ಪಕ್ಕದ ಮ್ಫಂಗಾನೊ ದ್ವೀಪದಲ್ಲಿ ಹಳೆಯ ಸುಬಾ ಭಾಷೆ ಇನ್ನೂ ಸ್ವಲ್ಪ ಉಳಿದಿದೆ, ಅದು ಬಂಟು ಭಾಷೆ. ಜನ ಭಾಷೆ ಬದಲಿಸಿದ್ದಾರೆ, ನೆನಪು ಬದಲಿಸಿಲ್ಲ.

ಕೀನ್ಯಾದ ಇತಿಹಾಸಕಾರ ಬೆತ್‌ವೆಲ್ ಒಗೊಟ್, ಸ್ವತಃ ಲುವೊ, ಹಿರಿಯರ ಬಾಯಿಂದಲೇ ವಂಶಾವಳಿ ಕೇಳಿ, ತಲೆಮಾರು ಎಣಿಸಿ ವಲಸೆಯ ಕಾಲ ಅಂದಾಜು ಮಾಡಿದರು. 1967ರಲ್ಲಿ ಪುಸ್ತಕವಾಯಿತು. ನನಗೆ ಈ ಕೆಲಸದ ಮೇಲೆ ತುಂಬಾ ಗೌರವ. ಆದರೆ ಇಂಥ ಪಟ್ಟಿಗಳಲ್ಲಿ ಹೆಸರು ಬಿಟ್ಟುಹೋಗುವುದು ಜಾಸ್ತಿ. ಅದಕ್ಕೇ ಒಂದು ಕುಲದ ಪಟ್ಟಿಯ ಪಕ್ಕ, ಅವರ ಜೊತೆ ಹೆಣ್ಣು ಕೊಟ್ಟು ತಂದ ಇಲ್ಲವೇ ಜಗಳವಾಡಿದ ಇನ್ನೊಂದು ಕುಲದ ಪಟ್ಟಿ ಇಟ್ಟು ನೋಡಬೇಕು.