ಟಾನ್ಸಿಲ್ ಪಕ್ಕದ ಕೀವು ಮಾತ್ರೆಯಲ್ಲೇ ಕರಗುತ್ತದೆಯೇ?

ಪ್ರಶ್ನೆ (ಜಗಳೂರು ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಕಳೆದ ವಾರ ಗಂಟಲು ನೋವು, ಜ್ವರ ಬಂದಿತ್ತು. ಔಷಧಿ ಅಂಗಡಿಯ ಮಾತ್ರೆಯಿಂದ ಜ್ವರ ಇಳಿಯಿತಾದರೂ, ಈಗ ಎಡಗಡೆ ಮಾತ್ರ ನೋವು ಹೆಚ್ಚಿ, ಅದೇ ಕಡೆಯ ಕಿವಿಗೂ ಎಳೆದು, ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯುತ್ತಿಲ್ಲ. ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡು ಆಡಿದಂತೆ ಮಾತು ತೊದಲುತ್ತಿದೆ. ಟಾನ್ಸಿಲ್ ಪಕ್ಕ ಕೀವು ಕಟ್ಟಿದೆ, ದೊಡ್ಡಾಸ್ಪತ್ರೆಯಲ್ಲಿ ಸೂಜಿಯಿಂದ ತೆಗೆಸಿ ಎಂದು ಇಲ್ಲಿನ ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ. ಅವ್ವ ಮಾತ್ರ, ಕಿರುನಾಲಿಗೆ ಬಿದ್ದಿದೆ, ಬಲ್ಲವರಿಂದ ಒತ್ತಿಸಿದರೆ ಸಾಕು ಎನ್ನುತ್ತಾರೆ. ಸೂಜಿಯಿಲ್ಲದೆ ಗುಣವಾಗುವುದಿಲ್ಲವೇ?

ಉತ್ತರ 1 (ಕಿವಿ-ಮೂಗು-ಗಂಟಲು ವೈದ್ಯ, ದಾವಣಗೆರೆ)

ನಿಮ್ಮ ಅವ್ವನವರು ನೋಡಿದ್ದು ಸುಳ್ಳಲ್ಲ. ಕೀವಿನ ಒತ್ತಡಕ್ಕೆ ಕಿರುನಾಲಿಗೆ ಬಾತುಕೊಂಡು ಎದುರು ಬದಿಗೆ ಸರಿದಿರುತ್ತದೆ. ಆದರೆ ಬೆರಳು ಹಾಕಿ ಒತ್ತಿಸಲೇಬೇಡಿ: ಬಾವು ಒಳಗೇ ಒಡೆದರೆ ಕೀವು ಶ್ವಾಸನಾಳಕ್ಕೆ ಇಳಿಯಬಹುದು.

ಟಾನ್ಸಿಲ್‌ನ ಹೊರಪೊರೆಗೂ ಗಂಟಲಿನ ಸ್ನಾಯುವಿಗೂ ನಡುವೆ ಕೀವು ಶೇಖರವಾಗುವುದೇ ಈ ಕಾಯಿಲೆ. ಗಡ್ಡೆಕಟ್ಟಿದ ಕೀವಿನೊಳಗೆ ರಕ್ತಸಂಚಾರವಿಲ್ಲದ ಕಾರಣ ಆಂಟಿಬಯೋಟಿಕ್ ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ತೀರ ಸಣ್ಣದಾಗಿದ್ದರೆ ಔಷಧಿಯಿಂದಲೇ ಇಳಿಯುವುದುಂಟು, ಆದರೆ ಬಾಯಿ ತೆರೆಯದ ಹಂತಕ್ಕೆ ಬಂದಿರುವಾಗ ಕೀವನ್ನು ಹೊರತೆಗೆಯುವುದೇ ಮುಖ್ಯ ಚಿಕಿತ್ಸೆ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಸಿರಿಂಜಿನಿಂದ ಕೀವು ಹೀರುತ್ತಾರೆ ಅಥವಾ ಸಣ್ಣ ಗಾಯ ಮಾಡಿ ಹರಿಸುತ್ತಾರೆ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಟಾನ್ಸಿಲ್‌ನ ಹಿಂಬದಿಗೆ ಸುಮಾರು 2.5 ಸೆಂ.ಮೀ. ದೂರದಲ್ಲೇ ಇರುವುದರಿಂದ ಸೂಜಿ ಎಷ್ಟು ಆಳಕ್ಕೆ ಹೋಗಬೇಕೆಂಬುದು ತಿಳಿದ ಕೈಗೇ ಈ ಕೆಲಸ ಬಿಡಬೇಕು. ಬಳಿಕ ಡ್ರಿಪ್, ಪೆನಿಸಿಲಿನ್ ಗುಂಪಿನ ಔಷಧಿಯೊಡನೆ ಮೆಟ್ರೊನಿಡಜೋಲ್ ಅಥವಾ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಡುವುದು ವಾಡಿಕೆ. ಒಟ್ಟು 10ರಿಂದ 14 ದಿನದ ಕೋರ್ಸ್. ಪೆನಿಸಿಲಿನ್ ಅಲರ್ಜಿಯಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಿ.

ಉತ್ತರ 2 (ಹರಿಹರ)

ನನಗೂ ಇದು ಆಗಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗಲ್ಲದ ಕೆಳಗೆ ಸ್ಟೀಲ್ ಟ್ರೇ ಹಿಡಿಸಿದ್ದರು. ಸೂಜಿ ಚುಚ್ಚಿದ್ದಕ್ಕಿಂತ ಬಾಯಿ ಅಗಲಿಸುವುದೇ ಹೆಚ್ಚು ಯಾತನೆ. ಹಳದಿ ಕೀವು ಸಿರಿಂಜಿಗೆ ಬಂದ ಕೂಡಲೇ ಗಂಟಲಿನ ಬಿಗಿತ ಸಡಿಲವಾಯಿತು, ಆ ಸಂಜೆಯೇ ಗಂಜಿ ಕುಡಿದೆ. ಆ ಕೀವಿನ ದುರ್ವಾಸನೆಗೆ ಮಾತ್ರ ತಮ್ಮನನ್ನು ಸಿದ್ಧಪಡಿಸಿರಿ!

ಮರುಪ್ರಶ್ನೆ (ಜಗಳೂರು ತಾಲ್ಲೂಕು)

ಧನ್ಯವಾದಗಳು, ಅವ್ವ ಒಪ್ಪಿದ್ದಾರೆ. ಅವನಿಗೆ ಉಗುಳು ನುಂಗಲೂ ಕಷ್ಟ, ಟವೆಲ್ ಹಿಡಿದೇ ಕುಳಿತಿದ್ದಾನೆ. ನಾಳೆ ಬೆಳಗಿನ ಬಸ್ಸಿಗೆ ಕರೆದೊಯ್ದರೆ ನಡೆಯುತ್ತದೆಯೇ ಸರ್? ಟಾನ್ಸಿಲ್ಲನ್ನೇ ತೆಗೆಸಿಬಿಡುವುದು ಒಳ್ಳೆಯದೇ?

ಉತ್ತರ 3 (ಅದೇ ವೈದ್ಯ)

ಬೆಳಗಿನವರೆಗೆ ಕಾಯಬೇಡಿ. ಎಂಜಲು ಹೊರಗೆ ಸುರಿಯುತ್ತಿದೆಯೆಂದರೆ ನುಂಗುವುದು ನಿಂತಿದೆ ಎಂದರ್ಥ. ಊತ ಹೆಚ್ಚಿದರೆ ಉಸಿರಾಟಕ್ಕೂ ತೊಂದರೆಯಾಗುತ್ತದೆ, ಕೀವು ಕುತ್ತಿಗೆಯ ಒಳಪದರಗಳಿಗೂ ಅಲ್ಲಿಂದ ಎದೆಗೂ ಇಳಿಯಬಹುದು. ಚಿಗಟೇರಿ ಜಿಲ್ಲಾಸ್ಪತ್ರೆಗಾಗಲಿ ಬಾಪೂಜಿ ಆಸ್ಪತ್ರೆಗಾಗಲಿ ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ. ಉಸಿರಾಡುವಾಗ ಗೊರಗೊರ ಸದ್ದು ಬಂದರೆ, ಅವನು ಮಲಗಲಾಗದೆ ಕುಳಿತೇ ಉಸಿರೆಳೆದುಕೊಳ್ಳುತ್ತಿದ್ದರೆ 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಕುಳ್ಳಿರಿಸಿಕೊಂಡೇ ಕರೆತನ್ನಿ, ತಿನ್ನಲು ಏನೂ ಕೊಡಬೇಡಿ, ಇದುವರೆಗೆ ನುಂಗಿದ ಮಾತ್ರೆಗಳ ಪಟ್ಟಿಯನ್ನು ಮರೆಯದೆ ತನ್ನಿ.

ಟಾನ್ಸಿಲ್ ತೆಗೆಸುವ ಮಾತು ಈಗ ಬೇಡ. ಈ ಬಾವು ಮರುಕಳಿಸುವುದು ಸುಮಾರು ನೂರಕ್ಕೆ 10ರಿಂದ 15 ಮಂದಿಯಲ್ಲಿ ಮಾತ್ರ. ಹಿಂದೆಯೂ ಪದೇಪದೇ ಗಂಟಲು ಕೆಡುತ್ತಿದ್ದರೆ, ಉರಿಯೆಲ್ಲ ಆರಿ ಸುಮಾರು 6 ವಾರ ಕಳೆದ ಮೇಲೆ ನೋಡಿ ತೀರ್ಮಾನಿಸಬಹುದು.