ಸಹಾಯ ಬೇಕು: ‘ಫುಲ್ಸಮ್ ಪ್ರೇಸ್’ ಎಂದರೆ ಮೆಚ್ಚುಗೆಯೋ ಮುಖಸ್ತುತಿಯೋ?

ಮಂಡ್ಯದ ನಿವೃತ್ತ ಶಿಕ್ಷಕರೊಬ್ಬರ ಅಭಿನಂದನಾ ಸಂಚಿಕೆಗೆ ಬಂದಿರುವ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಭೆಗಳಲ್ಲಿ ಊರಿನವರು ಇವರಿಗೆ ‘ಫುಲ್ಸಮ್ ಪ್ರೇಸ್’ ಸಲ್ಲಿಸುತ್ತಿದ್ದರು, ಇವರು ಮಾತ್ರ ತಲೆ ತಗ್ಗಿಸಿ ಕೂತಿರುತ್ತಿದ್ದರು ಎಂದು ಅದರಲ್ಲಿದೆ. ತಲೆ ತಗ್ಗಿಸಿದ್ದು ವಿನಯದಿಂದಲೋ ಮುಜುಗರದಿಂದಲೋ ಎಂಬುದು ಆ ಒಂದು ವಿಶೇಷಣದ ಮೇಲೆ ನಿಂತಿದೆ.

ಆಕ್ಸ್‌ಫರ್ಡ್ ನಿಘಂಟು ಅತಿಯಾದ ಹೊಗಳಿಕೆ ಎಂಬರ್ಥವನ್ನು ಕೊಡುತ್ತದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಅದರೊಂದಿಗೆ ಹೇರಳ, ಉದಾರ ಎಂಬ ಅರ್ಥಗಳೂ ಇವೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಸಮೃದ್ಧ ಎಂಬರ್ಥವಿದ್ದ ಈ ಪದ ಕ್ರಮೇಣ ವಾಕರಿಕೆ ಬರಿಸುವಷ್ಟು ಎಂಬ ಕಡೆಗೆ ಜಾರಿ, ಈಚೆಗೆ ಮತ್ತೆ ಒಳ್ಳೆಯ ಅರ್ಥದಲ್ಲೂ ಬಳಕೆಯಾಗುತ್ತಿರುವುದೇ ಈ ಗೊಂದಲದ ಮೂಲ. ಲೇಖಕರು ಸಂಪರ್ಕಕ್ಕೆ ಸಿಗುತ್ತಿಲ್ಲ.

‘ಹೊಗಳುಭಟ್ಟಂಗಿತನ’ ಎಂದು ಬರೆದರೆ ಊರಿನವರನ್ನೇ ಹಳಿದಂತಾಗುತ್ತದೆ (ಸಂಚಿಕೆಗೆ ಹಣ ಕೊಟ್ಟವರೂ ಅವರೇ!), ‘ಮುಕ್ತಕಂಠದ ಪ್ರಶಂಸೆ’ ಎಂದರೆ, ಮೂಲದಲ್ಲಿ ಕೊಂಕು ಇದ್ದಲ್ಲಿ ಅದು ಅಳಿಸಿಹೋಗುತ್ತದೆ. ‘ಅತಿಸ್ತುತಿ’ ಶಾಸ್ತ್ರಗ್ರಂಥದ ಮಾತಿನಂತೆ ಕೇಳುತ್ತದೆ. ‘ಹೊಗಳಿ ಹೊನ್ನಶೂಲಕ್ಕೇರಿಸುವುದು’ ಎಂಬ ನುಡಿಗಟ್ಟು ಹತ್ತಿರವೆನಿಸಿದರೂ ಇಲ್ಲಿಗೆ ತುಸು ಖಾರವಾಯಿತು.

ಇಂಗ್ಲಿಷ್ ಬಲ್ಲ ಹಿರಿಯರು ದಯವಿಟ್ಟು ತಿಳಿಸಿ: ಈ ಸಂದರ್ಭದಲ್ಲಿ ಯಾವ ಅರ್ಥವನ್ನು ಹಿಡಿಯಬೇಕು, ಮತ್ತು ಪ್ರೀತಿಯೂ ಅತಿಯೂ ಒಟ್ಟಿಗೆ ಧ್ವನಿಸುವ ಕನ್ನಡ ಪದ ಯಾವುದು?