ಅಪ್ಪನ ಕಣ್ಣಿನ ಆಪರೇಷನ್‌ಗೆ ಹುಬ್ಬಳ್ಳಿಯಲ್ಲಿ ಎರಡು ರಾತ್ರಿ: ಸಾವಿರದೊಳಗಿನ ಲಾಡ್ಜ್ ಹೇಗಿರುತ್ತದೆ?

ಬ್ಯಾಡಗಿ ಖಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ಮಂಗಳವಾರ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ಆಪರೇಷನ್ ಇದೆ. ಆಸ್ಪತ್ರೆ ವಿದ್ಯಾನಗರದ ಕಡೆ. ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಬೆಳಗ್ಗೆ 8ಕ್ಕೆ ಕರ್ಕೊಂಡು ಬನ್ನಿ, ಮಧ್ಯಾಹ್ನ ಕಳಿಸುತ್ತೇವೆ, ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿ ನೋಡುತ್ತೇವೆ ಅಂದಿದ್ದಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಬ್ಯಾಡಗಿಗೆ ಕರ್ಕೊಂಡು ಹೋಗಿ ಮತ್ತೆ ಬೆಳಗಿನ ಜಾವ ಎಬ್ಬಿಸಿ ಬಸ್ಸಿಗೆ ಹತ್ತಿಸುವುದು ಬೇಡ ಅನಿಸಿತು. ಅದಕ್ಕೆ ಸೋಮವಾರ ಸಂಜೆಯೇ ಬಂದು ಎರಡು ರಾತ್ರಿ ಉಳಿಯೋಣ ಅಂತ.

ಹುಬ್ಬಳ್ಳಿಗೆ ನಾನು ನೂರು ಸಲ ಬಂದಿದ್ದೇನೆ, ಒಂದು ಸಲವೂ ಉಳಿದಿಲ್ಲ. ಬರೋದು, ಕೆಲಸ ಮುಗಿಸೋದು, ಗಿರಮಿಟ್ ತಿನ್ನೋದು, ಸಂಜೆ ಬಸ್ ಹತ್ತೋದು, ಅಷ್ಟೇ. ಅಪ್ಪನಿಗೆ 70 ಆಯಿತು, ಲಾಡ್ಜ್ ಮೆಟ್ಟಿಲನ್ನೇ ಹತ್ತಿದವರಲ್ಲ, ಅಲ್ಲಿ ಚಲೋ ಮಂದಿ ಇರುವುದಿಲ್ಲ ಅಂತ ಈಗಲೂ ನಂಬಿದ್ದಾರೆ. ನೆಟ್‌ನಲ್ಲಿ ಹೋಟೆಲ್ ಅಂತ ಹುಡುಕಿದರೆ ಅರ್ಧ ಇಡ್ಲಿ ವಡೆ ಹೋಟೆಲ್ ಬರುತ್ತವೆ, ಇನ್ನರ್ಧದ ಫೋಟೋದಲ್ಲಿ ಹಾಸಿಗೆ ಮೇಲೆ ಟವೆಲ್‌ನಿಂದ ಮಾಡಿದ ಹಂಸ ಕೂತಿರುತ್ತದೆ. ದಿನಕ್ಕೆ ಸಾವಿರದೊಳಗೆ ನೋಡುತ್ತಿದ್ದೇನೆ. ನಿಜವಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಲಾಡ್ಜ್‌ಗಳ ಹೆಸರು ಬೇಡ, ಹೇಗೆ ನೋಡಿ ಹಿಡಿಯಬೇಕು ಅಂತ ಹೇಳಿ ಸಾಕು.

ರಾತ್ರಿ ಪಾಳಿ ಉತ್ತರ:

ಹಂಸ ಫೋಟೋಕ್ಕೆ ಮಾತ್ರ ರೀ. ನಾನು ಸ್ಟೇಷನ್ ರೋಡ್ ಕಡೆಯ ಒಂದು ಲಾಡ್ಜ್‌ನಲ್ಲಿ ಆರು ವರ್ಷ ರಾತ್ರಿ ಕೌಂಟರ್ ನೋಡಿಕೊಂಡಿದ್ದೆ, ಒಂದು ದಿನವೂ ಹಂಸ ಮಾಡಲಿಲ್ಲ. ಈಗ ಆ ಕೆಲಸ ಬಿಟ್ಟಿದ್ದೇನೆ, ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ನಿಮ್ಮ ದುಡ್ಡಿಗೆ ಒಂದು ಡಬಲ್ ರೂಮ್, ಅಟ್ಯಾಚ್ಡ್ ಬಾತ್‌ರೂಮ್, ಫ್ಯಾನ್, ಒಂದು ಟಿವಿ (ಬಂದರೆ ಬಂತು), ಬೆರಳಷ್ಟು ಸೋಪು, ಟವೆಲ್, ಒಂದು ಜಗ್ ನೀರು ಸಿಗುತ್ತದೆ. ಕುಡಿಯೋಕೆ ಆ ನೀರು ಬೇಡ, ಬಾಟಲಿ ತಗೊಳ್ಳಿ. ಊರಿಗೇ ನಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರೋದು, ಲಾಡ್ಜ್‌ಗಳು ಬೋರ್ ಮತ್ತು ಟ್ಯಾಂಕರ್ ಮೇಲೆ ನಡೆಯುತ್ತವೆ. ಬಟ್ಟೆ ಒಗೆಯಬೇಡಿ ಅಂತ ಬೋರ್ಡ್ ಹಾಕಿರೋದು ಅದಕ್ಕೇ.

ಈಗ ಕೌಂಟರ್ ಒಳಗಿನ ಮಾತು. ನೀವು ಹೋದ ಕೂಡಲೇ ಅವನು ಮೊದಲು ಕೊಡೋದು ಯಾರಿಗೂ ಬೇಡದ ರೂಮ್. ರಸ್ತೆ ಕಡೆ ಕಿಟಕಿಯದ್ದು, ಜನರೇಟರ್ ಪಕ್ಕದ್ದು, ಇಲ್ಲ ಫ್ಲಶ್ ಸೋರೋದು. ನಾನೂ ಹಾಗೇ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಳ್ಳೆಯ ರೂಮನ್ನು ಕೇಳಿದವರಿಗೆ ಅಂತ ಇಟ್ಟುಕೊಂಡಿರುತ್ತೇವೆ. ದುಡ್ಡು ಕೊಡೋ ಮುಂಚೆ ರೂಮ್ ನೋಡಿ, ಸರಿ ಬರದಿದ್ದರೆ "ಇನ್ನೊಂದು ತೋರಿಸ್ರಿ" ಅನ್ನಿ. ಮುಖ ಗಂಟು ಹಾಕಿದರೂ ಇನ್ನೊಂದು ಕೀಲಿ ತೆಗೆಯುತ್ತಾನೆ. ರಿಜಿಸ್ಟರ್‌ನಲ್ಲಿ ಹೆಸರು ಬರೆದು ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ಮಾತ್ರ ತೆಗೆಯುವುದಿಲ್ಲ.

ರೂಮ್ ಒಳಗೆ ಹೋದ ಮೇಲೆ ಹಾಸಿಗೆಯ ಮೂಲೆ ಎತ್ತಿ ಹೊಲಿಗೆ ಸಂದಿ ನೋಡಿ. ತಿಗಣೆ ಇದ್ದರೆ ಅಲ್ಲಿ ಕರಿ ಚುಕ್ಕೆ ಕಾಣುತ್ತದೆ. ಬೆಡ್‌ಶೀಟ್ ಹೊಸ ಗಿರಾಕಿ ಬಂದಾಗ ಬದಲಾಗುತ್ತದೆ, ನೀವೇ ಎರಡು ದಿನ ಇದ್ದರೆ ಕೇಳದೆ ಬದಲಾಗುವುದಿಲ್ಲ. ಹೊದೆಯೋ ರಗ್ಗು ಯಾವಾಗ ಒಗೆದದ್ದು ಅಂತ ನನ್ನನ್ನು ಕೇಳಬೇಡಿ, ಮನೆಯಿಂದ ಏನಾದರೂ ತನ್ನಿ. ಆಪರೇಷನ್ ಆದ ಕಣ್ಣು, ದಿಂಬಿಗೂ ನಿಮ್ಮದೇ ಒಗೆದ ಬಟ್ಟೆ ಹಾಸಿ.

ಬಿಸಿನೀರು "24 ತಾಸು" ಅಂತಾರೆ. ಅದು ಬೋರ್ಡ್. ಸೋಲಾರ್ ಇದ್ದರೆ ಬೆಳಗ್ಗೆ ಆರರಿಂದ ಎಂಟರ ತನಕ, ಆಮೇಲೆ ಎದ್ದವರಿಗೆ ತಣ್ಣೀರು. ಕೆಳಗಿನ ಮಹಡಿಯಲ್ಲಿ ನಾಲ್ಕು ಬಕೆಟ್ ತಣ್ಣಗಿನದು ಹೋದ ಮೇಲೆ ಬಿಸಿ ಬರುತ್ತದೆ, ಜನ ಅಷ್ಟರಲ್ಲೇ ನಮ್ಮನ್ನು ಬೈದು ನಲ್ಲಿ ಮುಚ್ಚುತ್ತಾರೆ. ಆಪರೇಷನ್ ಆದಮೇಲೆ ಕೆಲವು ದಿನ ಕಣ್ಣಿಗೆ ನೀರು ಬೀಳಬಾರದು ಅಂತಾರಲ್ವಾ? ತಲೆಸ್ನಾನ ಮಂಗಳವಾರ ಬೆಳಗ್ಗೆ ಆರಕ್ಕೇ ಮಾಡಿಸಿಬಿಡಿ.

ಇನ್ನೊಂದು, ಲಿಫ್ಟ್ ಇದೆಯಾ ಅಂತ ಕೇಳಬೇಡಿ. ಲಿಫ್ಟ್ ನಡೀತಾ ಇದೆಯಾ ಅಂತ ಕೇಳಿ. ಹಳೇ ಬಸ್ ಸ್ಟ್ಯಾಂಡ್, ಲ್ಯಾಮಿಂಗ್ಟನ್ ರೋಡ್, ಕೊಪ್ಪೀಕರ್ ರೋಡ್ ಕಡೆ ಹಳೆಯ ಕಟ್ಟಡಗಳಲ್ಲಿ ಕೆಳಗೆಲ್ಲ ಅಂಗಡಿ, ಕೌಂಟರ್ ಇರೋದೇ ಮೊದಲ ಮಹಡಿಯಲ್ಲಿ.

ಬ್ಯಾಗ್ ಹೆಗಲಿಗೆ ಉತ್ತರ:

ಪಾಳಿ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಇವರು ಸ್ಟೇಷನ್ ರೋಡ್‌ಗೆ ಯಾಕೆ ಹೋಗಬೇಕು? ನಾನು ಮೆಡಿಕಲ್ ರೆಪ್, ತಿಂಗಳಿಗೆ ಎಂಟು ಹತ್ತು ರಾತ್ರಿ ಇಂಥ ಲಾಡ್ಜ್‌ಗಳಲ್ಲೇ ಕಳೆಯುತ್ತೇನೆ. ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರುವಾದಾಗಿನಿಂದ ಧೂಳು ನೋಡಿದ್ದೀರಲ್ಲ. ಪೊರೆ ತೆಗೆಸಿಕೊಂಡವರನ್ನು ಆ ಧೂಳಿನಲ್ಲಿ ದಿನಾ ಎರಡು ಸಲ ಆಟೋದಲ್ಲಿ ಓಡಾಡಿಸೋದಕ್ಕಿಂತ ಆಸ್ಪತ್ರೆ ಹತ್ತಿರ ನೂರಿನ್ನೂರು ಜಾಸ್ತಿ ಕೊಟ್ಟು ಉಳಿಯೋದು ಒಳ್ಳೇದು. ಆಟೋದಲ್ಲೇ ಆ ದುಡ್ಡು ಉಳಿಯುತ್ತದೆ. ಕಿಮ್ಸ್ ಸರ್ಕಾರಿ ಆಸ್ಪತ್ರೆ ಇರೋದರಿಂದ ವಿದ್ಯಾನಗರದ ಆಸುಪಾಸು ಪೇಷೆಂಟ್ ಕಡೆಯವರಿಗೆ ರೂಮ್ ಕೊಡೋ ಅಭ್ಯಾಸ ಇದೆ, ಔಷಧಿ ಅಂಗಡಿಯೂ ಹತ್ತಿರ. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ ನಾನು ದಿನಾ ಹತ್ತುತ್ತೇನೆ, ಧಾರವಾಡಕ್ಕೆ ಅದರಂಥದ್ದು ಇನ್ನೊಂದಿಲ್ಲ, ಆದರೆ ಸ್ಟಾಪ್ ಇರೋದು ರಸ್ತೆ ನಡುವೆ. ಒಂದು ಕಣ್ಣು ಮುಚ್ಚಿದವರನ್ನು ಅಲ್ಲಿಗೆ ದಾಟಿಸಬೇಡಿ.

ದುಡ್ಡು ಹೋಗೋದು ಬಾಡಿಗೆಯಲ್ಲಿ ಅಲ್ಲ, ಟೈಮಿನ ಲೆಕ್ಕದಲ್ಲಿ. ಎರಡು ಥರ ಇದೆ. ಒಂದು 24 ತಾಸಿನ ಲೆಕ್ಕ, ಇನ್ನೊಂದು ಮಧ್ಯಾಹ್ನ 12ಕ್ಕೆ ಖಾಲಿ ಮಾಡೋ ಲೆಕ್ಕ. ನೀವು ಸೋಮವಾರ ಸಂಜೆ 5ಕ್ಕೆ ಬಂದರೆ 24 ತಾಸಿನ ಕಡೆ ಬುಧವಾರ ಸಂಜೆ 5ರ ತನಕ ಎರಡೇ ದಿನದ ಬಾಡಿಗೆ. 12 ಗಂಟೆ ಲೆಕ್ಕದವರ ಹತ್ತಿರ ಅದೇ ದುಡ್ಡಿಗೆ ಬುಧವಾರ 12ಕ್ಕೇ ಮುಗಿಯಿತು. ಪಟ್ಟಿ ಬಿಚ್ಚಿಸೋಕೆ ಹೋದವರು ಡಾಕ್ಟರ್ ಬರೋದು ತಡವಾಗಿ ಒಂದಕ್ಕೆ ವಾಪಸ್ ಬಂದರೆ ಮೂರನೇ ದಿನದ್ದೂ ಕೇಳಬಹುದು. ನಿಮಗೆ 24 ತಾಸಿನದೇ ಸರಿ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ರೈಲಿನಲ್ಲಿ ಬೆಳಗಿನ ಜಾವ ಬಂದಿಳಿಯೋರಿಗೆ ಇದೇ ಉಲ್ಟಾ ಹೊಡೆಯುತ್ತದೆ, ಆರಕ್ಕೆ ಒಳಗೆ ಹೋದವರು ಮರುದಿನ ಆರಕ್ಕೇ ಎದ್ದು ಚೀಲ ಕಟ್ಟಬೇಕು.

ಬಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಸಾವಿರದೊಳಗಿನ ರೂಮಿಗೆ 2022ರ ಜುಲೈವರೆಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ ಶೇ. 12 ಹಾಕಿದರು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5 ಆಗಿದೆ. ಅಂದರೆ 900ರ ರೂಮಿಗೆ 45 ರೂಪಾಯಿ. ಹಳೇ ಲೆಕ್ಕದಲ್ಲಿ 108 ತಗೊಂಡರೆ ಸುಮ್ನೆ ಕೊಡಬೇಡಿ. ಜಿಎಸ್‌ಟಿ ನಂಬರ್ ಇಲ್ಲದ ಬಿಳಿ ಚೀಟಿ ಕೊಟ್ಟು ಟ್ಯಾಕ್ಸ್ ಕೇಳುವವರೂ ಇದ್ದಾರೆ, ಅದು ಟ್ಯಾಕ್ಸ್ ಅಲ್ಲ, ಅವರ ಚಹಾಕ್ಕೆ.

ಗದಗಿನ ಗಾಳಿ ಉತ್ತರ:

ಆ್ಯಪ್‌ನಲ್ಲಿ ಬುಕ್ ಮಾಡಿ ನಿಶ್ಚಿಂತೆಯಿಂದ ಬರಬೇಡಿ ಅಣ್ಣ. ನಾನು ಮತ್ತೆ ನನ್ನ ಗೆಳತಿ ಒಂದು ಪರೀಕ್ಷೆಗೆ ಅಂತ ಶನಿವಾರ ರಾತ್ರಿ ಒಂಬತ್ತಕ್ಕೆ ಬಂದಿಳಿದರೆ, ಕೌಂಟರ್‌ನವನು ನನ್ನ ಮೊಬೈಲ್ ನೋಡಿ "ಈ ಬುಕಿಂಗ್ ನಮಗೆ ಬಂದೇ ಇಲ್ಲ" ಅಂದ. ಪರೀಕ್ಷೆಗೆ ಬಂದವರು ಊರು ತುಂಬಿದ್ದರು, ನಮ್ಮ ಕಣ್ಣೆದುರೇ ಅದೇ ರೂಮನ್ನು ಇನ್ನೊಬ್ಬರಿಗೆ ಹೆಚ್ಚಿನ ದುಡ್ಡಿಗೆ ಕೊಟ್ಟ. ಇನ್ನೊಂದು ಕಡೆ ರೂಮ್ ಸಿಕ್ಕಾಗ ಹತ್ತೂವರೆ ಆಗಿತ್ತು, ಓದಿದ್ದೆಲ್ಲ ತಲೆಯಿಂದ ಇಳಿದು ಹೋಗಿತ್ತು. ಬುಕ್ ಮಾಡಿದ ದಿನ ಒಮ್ಮೆ, ಹೊರಡೋ ದಿನ ಒಮ್ಮೆ ಲಾಡ್ಜ್‌ಗೇ ಫೋನ್ ಮಾಡಿ ಕೇಳಿ. ಲಗ್ನದ ದಿನಗಳಲ್ಲಿ, ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ ಇದ್ದಾಗ, ಧಾರವಾಡದಲ್ಲಿ ಕೃಷಿ ಮೇಳ ಇದ್ದಾಗ ಇದೇ ಗೋಳು.

ಇಬ್ಬರದೂ ಆಧಾರ್ ಕೇಳುತ್ತಾರೆ, ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಅಂತ ಬರುತ್ತದೆ, ಆಧಾರ್ ವೆಬ್‌ಸೈಟ್‌ನಲ್ಲೇ ಇಳಿಸಿಕೊಳ್ಳಬಹುದು, ಅದನ್ನೇ ಕೊಡಿ. ಅಪ್ಪಾಜಿಯವರ ಮೂಲ ಕಾರ್ಡನ್ನು ಕೌಂಟರ್‌ನಲ್ಲಿ ಬಿಟ್ಟು ಬರಬೇಡಿ, ಆಸ್ಪತ್ರೆಯಲ್ಲೂ ಕೇಳುತ್ತಾರೆ.

ನಾನಾಗಿದ್ದರೆ ಎಲ್ಲಕ್ಕಿಂತ ಮೊದಲು ಬಾತ್‌ರೂಮ್ ನೋಡುತ್ತಿದ್ದೆ. ಹೊಸ್ತಿಲು ಎಷ್ಟು ಎತ್ತರ, ಟೈಲ್ಸ್ ಜಾರುತ್ತದಾ, ಲೈಟಿನ ಸ್ವಿಚ್ ಎಲ್ಲಿದೆ. ಒಂದು ಕಣ್ಣಿಗೆ ಪಟ್ಟಿ ಇದ್ದಾಗ ಮೆಟ್ಟಿಲಿನ ಅಳತೆ ಸಿಗುವುದಿಲ್ಲ, ನಮ್ಮ ಅಜ್ಜಿಗೆ ಮನೆಯಲ್ಲೇ ಆಗಿತ್ತು ಅದು. ರಾತ್ರಿ ಬಾತ್‌ರೂಮ್ ಲೈಟ್ ಹಾಕಿಯೇ ಮಲಗಿ. ಅಪ್ಪಾಜಿಗೆ ಕಮೋಡ್ ರೂಢಿ ಇಲ್ಲದಿದ್ದರೂ ಕಮೋಡ್ ಇರೋದನ್ನೇ ಹಿಡಿಯಿರಿ, ಬಗ್ಗಬೇಡಿ ಮುಕ್ಕರಿಯಬೇಡಿ ಅಂತ ಡಾಕ್ಟರ್ ಹೇಳಿಯೇ ಹೇಳುತ್ತಾರೆ.

ಸುಮ್ನೆ ನೋಡುವವ ಉತ್ತರ:

ಇಷ್ಟೆಲ್ಲ ಯಾಕೆ, ರೈಲ್ವೆ ಸ್ಟೇಷನ್‌ನಲ್ಲೇ ರಿಟೈರಿಂಗ್ ರೂಮ್ ಇದೆಯಲ್ಲ?

ಬ್ಯಾಗ್ ಹೆಗಲಿಗೆ ಉತ್ತರ:

ಅದಕ್ಕೆ ರೈಲಿನ ಟಿಕೆಟ್ ಬೇಕು, ಪಿಎನ್‌ಆರ್ ಹಾಕಿ ಬುಕ್ ಮಾಡಬೇಕು. ಅವರು ಬಸ್ಸಿನಲ್ಲಿ ಬರುವವರು. ಮತ್ತೆ ನಮ್ಮ ಸ್ಟೇಷನ್‌ನ ಎಂಟನೇ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿಗೇ ಉದ್ದದ್ದು, ಹೆಮ್ಮೆ ಪಡೋಣ, ಆದರೆ ವಯಸ್ಸಾದವರನ್ನು ಅದರ ಮೇಲೆ ನಡೆಸೋದು ಬೇಡ.

ಬ್ಯಾಡಗಿ ಖಾರ (ಗುರುವಾರ):

ಎಲ್ಲರಿಗೂ ಧನ್ಯವಾದ, ಆಪರೇಷನ್ ಚೆನ್ನಾಗಿ ಆಯಿತು, ನಿನ್ನೆ ರಾತ್ರಿ ಊರು ಮುಟ್ಟಿದೆವು.

ಮೊದಲು ನೋಡಿದ ಕಡೆ 850 ಅಂದರು. ಲಿಫ್ಟ್ ಇತ್ತು, ಅದರ ಬಾಗಿಲಿಗೆ ಅಡ್ಡ ಒಂದು ಪ್ಲಾಸ್ಟಿಕ್ ಕುರ್ಚಿಯೂ ಇತ್ತು. ಪಾಳಿ ಅಣ್ಣ ನೆನಪಾದರು, ಹೊರಗೆ ಬಂದೆವು. ಎರಡನೇದು ವಿದ್ಯಾನಗರದ ಒಂದು ಒಳರಸ್ತೆಯಲ್ಲಿ, 950 ಮತ್ತೆ ಟ್ಯಾಕ್ಸ್, 24 ತಾಸಿನ ಲೆಕ್ಕ. ಮೊದಲು ತೋರಿಸಿದ್ದು ರಸ್ತೆ ಕಡೆಯ ರೂಮ್. "ಇನ್ನೊಂದು ತೋರಿಸ್ರಿ" ಅಂದೆ. ನಿಜವಾಗಿಯೂ ಮುಖ ಗಂಟು ಹಾಕಿದ, ನಿಜವಾಗಿಯೂ ಇನ್ನೊಂದು ಕೀಲಿ ತೆಗೆದ! ಕೆಳಗಿನ ಮಹಡಿ, ಹಿಂಭಾಗ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ಧೂಳೂ ಬರುವುದಿಲ್ಲ. ಫಿನಾಯಿಲ್ ವಾಸನೆ ಜಾಸ್ತಿ ಇತ್ತು, ಅಪ್ಪನಿಗೆ ಅದೇ ಹಿಡಿಸಿತು, ಆಸ್ಪತ್ರೆಯಷ್ಟು ಸ್ವಚ್ಛ ಇದೆ ಅಂದರು. ಅವ್ವ ಕಟ್ಟಿಕೊಟ್ಟ ಕೌದಿ ಹಾಸಿಕೊಟ್ಟೆ, ಗೊರಕೆ ಹೊಡೆದರು. ನಾನು ಪಕ್ಕದ ರೂಮಿನವರ ಟಿವಿ ಕೇಳುತ್ತಾ ಹನ್ನೊಂದರ ತನಕ ಎಚ್ಚರ ಇದ್ದೆ. ಬಿಸಿನೀರಿಗೆ ಎಣಿಸಿ ಐದು ಬಕೆಟ್ ಬಿಟ್ಟೆ. ಬುಧವಾರ ಡಾಕ್ಟರ್ ನೋಡುವಾಗ ಹನ್ನೆರಡೂವರೆ ಆಗಿತ್ತು, ಮಧ್ಯಾಹ್ನ ರೂಮಿನಲ್ಲೇ ಖಾನಾವಳಿಯಿಂದ ತಂದ ರೊಟ್ಟಿ ಊಟ ಮಾಡಿ, ಒಂದು ನಿದ್ದೆ ತೆಗೆದು, ನಾಲ್ಕಕ್ಕೆ ಖಾಲಿ ಮಾಡಿದೆವು. ಬಿಲ್ 1995, ಲೆಕ್ಕ ಸರಿ ಇತ್ತು.

ಒಂದೇ ಒಂದು ವಿಷಯ ನೀವು ಯಾರೂ ಹೇಳಲಿಲ್ಲ. ಎರಡೂ ದಿನ ಬೆಳಗ್ಗೆ ಐದೂವರೆಗೆ ಹುಡುಗ ದಬದಬ ಅಂತ ಬಾಗಿಲು ಬಡಿದು "ಚಾ ರೀ" ಅಂತ ಕೂಗಿದ. ಅಪ್ಪ ಗಾಬರಿಯಾಗಿ ಎದ್ದು ಪೊಲೀಸರು ಬಂದರೇನೋ ಅಂದುಕೊಂಡಿದ್ದರು.

ರಾತ್ರಿ ಪಾಳಿ ಉತ್ತರ:

ಅಯ್ಯೋ, ಹೌದಲ್ವಾ. ಚಹಾ ಬೇಡ ಅಂತ ರಾತ್ರಿಯೇ ಕೌಂಟರ್‌ನಲ್ಲಿ ಹೇಳಿ ಮಲಗಬೇಕು ರೀ. ಆ ಹುಡುಗನನ್ನು ಕಳಿಸುತ್ತಿದ್ದವನೇ ನಾನಾಗಿದ್ದರಿಂದ ನೆನಪೇ ಆಗಲಿಲ್ಲ.